ಎರಡು ಗುಂಟೆಯ ಬದಿ

ಒಂದು ಗುಂಟೆಗೆ ಸಾವಿರದ ಎಂಬತ್ತೊಂಬತ್ತು ಚದರಡಿ.
ಅದರ ಬದಿ ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ:
ಮೂವತ್ತಮೂರು.
ಸರಪಳಿ ಎಳೆದ ಹಳಬರು ಮೊದಲು ಬದಿ ಹಿಡಿದು
ಆಮೇಲೆ ನೆಲಕ್ಕೆ ಹೆಸರಿಟ್ಟಿರಬೇಕು,
ಅದಕ್ಕೇ ಗುಂಟೆಯ ವರ್ಗಮೂಲ
ಕರೆದ ಕೂಡಲೆ ಬಂದು ನಿಲ್ಲುತ್ತದೆ.

ಎರಡು ಗುಂಟೆಯದು ಹಾಗಲ್ಲ.

ಕೆರಗೋಡಿನಾಚೆ, ನಾಲೆ ತಿರುಗುವಲ್ಲಿ,
ಸಣ್ಣತಾಯಮ್ಮನ ಪಾಲಿಗೆ ಬಂದದ್ದು ಎರಡು ಗುಂಟೆ.
ಅಪ್ಪ ಬರೆಸಿದ ಕಾಗದದಲ್ಲಿ ಅಷ್ಟೇ ಇತ್ತು,
ಆಕಾರ ಇರಲಿಲ್ಲ.
ತಮ್ಮಂದಿರು, ಮೊಗಣ್ಣ ಮತ್ತು ಕೆಂಪಾಜಿ,
ಬದುವಿನುದ್ದಕ್ಕೂ ಒಂದು ಪಟ್ಟಿ ತೋರಿಸಿದರು:
ಆರಡಿ ಅಗಲ, ಮುನ್ನೂರ ಅರವತ್ತಮೂರಡಿ ಉದ್ದ.
ಗುಣಿಸಿ ನೋಡಿದೆ. ಲೆಕ್ಕ ತಪ್ಪಿರಲಿಲ್ಲ.
ಕಬ್ಬಿನ ಗಾಡಿಗೆ ಅವರಿಗೊಂದು ದಾರಿ ಬೇಕಿತ್ತು,
ಅದನ್ನೂ ಯಾರೂ ಮುಚ್ಚಿಡಲಿಲ್ಲ.

"ಆರಡಿ ಮೂರಡಿ ಆಮೇಲೆ ಎಂಗೂ ಕೊಡ್ತಾರೆ ಕಣಪ್ಪ,
ಈಗ ನಂಗೆ ಚೌಕವಾಗಿ ಅಳ್ದು ಕೊಡು.
ನಡುವೆ ಕೂತ್ಕಂಡು ಎಲೆಯಡಿಕೆ ಹಾಕಿದ್ರೆ
ನಾಕು ಕಡೆಗೂ ಒಂದೇ ದೂರ ಕಾಣ್ಬೇಕು."

ಸರಿ, ಎರಡು ಸಾವಿರದ ನೂರ ಎಪ್ಪತ್ತೆಂಟರ ಮೂಲ.
ನಲವತ್ತಾರು ಇಟ್ಟೆ, ಅರವತ್ತೆರಡು ಚದರಡಿ ಕಡಿಮೆ.
ನಲವತ್ತೇಳು ಇಟ್ಟೆ, ಮೂವತ್ತೊಂದು ಹೆಚ್ಚು.
ನಲವತ್ತಾರಡಿ ಎಂಟಂಗುಲ ಇಟ್ಟೆ,
ಒಂದು ಅಂಗೈಯಷ್ಟು ನೆಲ ಹೊರಗೆ ಉಳಿಯಿತು.
ಅಂಗೈಯಷ್ಟು ತಾನೆ ಎನ್ನಬಹುದು ನೀವು.
ಅಷ್ಟಕ್ಕೇ ಕೋರ್ಟು ಹತ್ತಿದವರ ಜಾಗ ಅಳೆದಿದ್ದೇನೆ.

ಬಿಸಿಲಿಗೆ ಮೊಬೈಲು ಕಾಣದೆ
ಟೇಪು ಹಿಡಿದ ಹುಡುಗನ ನೆರಳಲ್ಲಿ ಕೂತು ಒತ್ತಿದೆ:
ನಲವತ್ತಾರು, ಬಿಂದು, ಆರು ಆರು ಒಂಬತ್ತು
ಸೊನ್ನೆ ನಾಲ್ಕು...
ಪರದೆ ಮುಗಿಯಿತು, ಸಂಖ್ಯೆ ಮುಗಿಯಲಿಲ್ಲ.

"ಯಾಕಪ್ಪ ತಲೆ ಕೆರ್ಕಂಡೆ?"
"ಮೂಲ ಸಿಕ್ತಿಲ್ಲ, ಅಮ್ಮ."
"ಮೂಲೆಯಾ? ಮೂಲೆ ಇಲ್ಲೇ ಅದಲ್ಲ!"
ಅವಳ ಕಿವಿ ಸ್ವಲ್ಪ ಮಂದ.
ಸೊಂಟದಿಂದ ಎಲೆಯಡಿಕೆಯ ವಸ್ತ್ರ ಬಿಚ್ಚಿ
ಎಲೆ, ಸುಣ್ಣದ ಡಬ್ಬಿ, ಹೊಗೆಸೊಪ್ಪನ್ನು ಬದಿಗಿಟ್ಟು
ನೆಲದ ಮೇಲೆ ಹಾಸಿದಳು. ಅಂಚು ಹೊಲಿದ ಚೌಕ.
ನಾಲ್ಕು ಮೂಲೆಯನ್ನೂ ನಡುವಿಗೆ ಮಡಿಸಿದಳು.
ಚೌಕವೇ ಉಳಿಯಿತು, ಚಿಕ್ಕದು,
ದಿಕ್ಕು ಮಾತ್ರ ಓರೆ.

"ಇದು ಒಂದು ಗುಂಟೆ ಅನ್ಕೊ.
ಇದ್ರ ಬೆನ್ನಿನ ಮ್ಯಾಲೆ ಇನ್ನೊಂದು ಮಲ್ಗದೆ, ನೋಡು."
ಮೂಲೆಗಳನ್ನು ಒಂದೊಂದಾಗಿ ಹೊರಕ್ಕೆ ಬಿಡಿಸಿದಳು.
"ಬಿಚ್ಚಿದ್ರೆ ಎರಡು."

ನಾನು ಮಡಿಕೆಯ ಗೆರೆಗಳನ್ನೇ ನೋಡುತ್ತ ಕುಳಿತೆ.
ಚಿಕ್ಕ ಚೌಕದ ಮೂಲೆಯಿಂದ ಎದುರು ಮೂಲೆಗೆ ಎಷ್ಟೋ
ದೊಡ್ಡ ಚೌಕದ ಬದಿ ಅಷ್ಟೇ.
ಹದಿನೆಂಟು ವರ್ಷದ ಸರ್ವೆಯಲ್ಲಿ
ಕರ್ಣ ಹಿಡಿದದ್ದು ಮೂಲೆಮಟ್ಟ ಪರೀಕ್ಷಿಸಲು ಮಾತ್ರ.
ಸರಿ ಇದೆಯೇ? ಇದೆ. ಬಿಡು, ಮುಂದೆ ನಡಿ.

ಮೂವತ್ತಮೂರರ ಚೌಕಕ್ಕೆ ಗೂಟ ಹೊಡೆಸಿದೆ.
ಓರೆಯಾಗಿ ಹಗ್ಗ ಎಳೆಸಿದೆ, ಬಿಗಿ ಮಾಡಿಸಿ ಗಂಟು ಹಾಕಿಸಿದೆ.
ಮುಗಿಯದ ಸಂಖ್ಯೆ
ಎರಡು ಗಂಟಿನ ನಡುವೆ ಮುಗಿದು ನಿಂತಿತ್ತು.
ಆ ಹಗ್ಗ ಹಿಡಿದೇ ನಾಲ್ಕು ಸಲ ತಿರುಗಿದೆವು.
ಮೊಗಣ್ಣ ಹೆಜ್ಜೆ ಹಾಕಿ ಅಳೆದ, ಮತ್ತೆ ಅಳೆದ,
ಏನೂ ಅನ್ನದೆ ಬೀಡಿ ಹಚ್ಚಿದ.
ಸಣ್ಣತಾಯಮ್ಮ ನಡುವಿಗೆ ಹೋಗಿ ಕುಳಿತು
ಅದೇ ವಸ್ತ್ರದಿಂದ ಒಂದು ಎಲೆ ತೆಗೆದು
ತೊಟ್ಟು ಮುರಿದಳು.

ಸಂಜೆ ಮಂಡ್ಯದಲ್ಲಿ ನಮೂನೆ ತುಂಬುವಾಗ
ಬಿಂದುವಿನಾಚೆ ಎರಡೇ ಅಂಕಿಗೆ ಜಾಗವಿತ್ತು.
ನಲವತ್ತಾರು ಬಿಂದು ಆರು ಏಳು ಎಂದು ಬರೆದೆ.
ಅದು ನಿಜಕ್ಕಿಂತ ತುಸು ಹೆಚ್ಚು.
ಎಷ್ಟು ಹೆಚ್ಚೆಂದು ಊಟವಾದ ಮೇಲೆ ಲೆಕ್ಕ ಹಾಕಿದೆ:
ಹದಿಮೂರು ಚದರಂಗುಲ,
ಹೆಚ್ಚೂಕಮ್ಮಿ ಒಂದು ವೀಳ್ಯದೆಲೆ.

ತಮ್ಮಂದಿರಿಗೆ ನಾನು ಹೇಳಿಲ್ಲ.