ಒಂಬತ್ತನೇ ಮನೆಯ ಬಾಗಿಲು

ಬರೆಯುವುದೊಂದು, ಕರೆಯುವುದೊಂದು
ಕೀತ್ಲಿ ಎಂಬ ಈ ಊರಲ್ಲಿ
ನಮ್ಮ ಬೀದಿಗೆ ಇವತ್ತು ರಜೆ.
ಕೌನ್ಸಿಲ್ಲಿನ ಎರಡು ಕೆಂಪು ಕೋನ್, ನಡುವೆ ಒಂದು ಹಗ್ಗ.
ಮಕ್ಕಳು ಮೊದಲು ನಂಬಲಿಲ್ಲ.
ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ
ನಡುರಸ್ತೆಯಲ್ಲಿ ಅಂಗಾತ ಮಲಗಿಬಿಟ್ಟರು.

ಮೇಜುಗಳು ಬಂದವು, ಒಂದೊಂದಕ್ಕೆ ಒಂದೊಂದು ಎತ್ತರ:
ಶಾಝಿಯಾಳ ಹೊಲಿಗೆ ಯಂತ್ರದ್ದು,
ಲೆಷೆಕ್ ಗೋಡೆಗೆ ಕಾಗದ ಅಂಟಿಸುವ ಸಣಕಲು ಕಾಲಿನದು,
ನಮ್ಮದು ಇಸ್ತ್ರಿ ಹಲಗೆ. ನಗಬೇಡಿ,
ನಮ್ಮಲ್ಲಿ ಊಟ ಇನ್ನೂ ನೆಲದ ಮೇಲೆ.
ಆದರೂ ಸಾಲದು. ಮೂವತ್ತೊಂದು ತಟ್ಟೆ.

ಆಗ ಒಂಬತ್ತನೇ ಮನೆಯ ಆಸ್ಪಿನಾಲ್ ಮುದುಕ
(ನಾಲ್ಕು ವರ್ಷದಲ್ಲಿ ನನ್ನೊಡನೆ ಆಡಿದ್ದು ಒಂದೇ ಮಾತು:
"ನಿಮ್ಮ ಕಸದ ಡಬ್ಬಿ ನನ್ನ ಗೇಟಿಗೆ ಅಡ್ಡ")
ಸ್ಕ್ರೂಡ್ರೈವರ್ ಹಿಡಿದು ಬಂದು, ಏನೂ ಹೇಳದೆ,
ತನ್ನ ಮುಂಬಾಗಿಲು ಕಳಚತೊಡಗಿದ.
ಒಂದು ತಿರುಗಣಿ. ಎರಡು.
ಮೂರನೆಯದಕ್ಕೆ ತುಕ್ಕು; ಬ್ರೆಂಡಾ ಅಡುಗೆ ಎಣ್ಣೆ ತಂದಳು.

ನಾಲ್ವರು ಹೊತ್ತೆವು.
ಹೋದ ಚಳಿಗಾಲ ಈಡಿತಳನ್ನೂ ಹೀಗೇ
ಇದೇ ಬಾಗಿಲಿನಿಂದ ಹೊತ್ತರಂತೆ.
ನಮ್ಮ ಕಿಟಕಿಯ ಪರದೆ ಆಗ ಮುಚ್ಚಿತ್ತು.

ಬಾಗಿಲನ್ನು ಮಲಗಿಸಿದ್ದು ಅದೇ ಕಸದ ಡಬ್ಬಿಗಳ ಮೇಲೆ.
ಕಾಗದ ಹಾಕುವ ಕಿಂಡಿಯಿಂದ ಬಟಾಣಿ ಬೀಳುತ್ತಿತ್ತು,
ಕೆಳಗೆ ಮೂರು ಮಕ್ಕಳು ಬಾಯಿ ತೆರೆದು ಕೂತಿದ್ದರು.
ಬಾಗಿಲಿಲ್ಲದ ಮನೆಗೆ ಇಡೀ ದಿನ ಯಾರುಯಾರೋ ಹೋಗಿಬಂದರು,
ಉಪ್ಪಿಗೆ, ಕೈ ತೊಳೆಯಲಿಕ್ಕೆ,
ಬ್ರೆಂಡಾಳ ಬೆಕ್ಕು ಸುಮ್ಮಸುಮ್ಮನೆ.

ನನ್ನ ಚಿತ್ರಾನ್ನ ಅಂಚಿನಲ್ಲಿ ಚೆಲ್ಲಿತು.
ಬಿಳಿ ಬಣ್ಣದ ಮೇಲೆ ಎಣ್ಣೆ, ಅರಿಶಿನ.
ಒರೆಸಿದಷ್ಟೂ ಹರಡಿತು, ನನ್ನ ಮುಖವೂ ಬಿಸಿಯಾಯಿತು.
"ಇರಲಿ ಬಿಡು," ಅಂದ ಮುದುಕ,
ಒಗ್ಗರಣೆಯ ಕಡಲೆಬೇಳೆಯನ್ನು ಒಂದೊಂದೇ ಹೆಕ್ಕಿ ತಿನ್ನುತ್ತ.

ರಾತ್ರಿ ಒಂಬತ್ತಾದರೂ ಬೆಳಕಿತ್ತು.
ಬಾಗಿಲನ್ನು ಎತ್ತಿ ಮತ್ತೆ ನಿಲ್ಲಿಸಿದೆವು.
ಹಗ್ಗ ಬಿಚ್ಚುವ ಮೊದಲೇ ಒಂದು ಕಾರು ಹಾರ್ನ್ ಹೊಡೆಯಿತು.

ಹಳದಿ ಈಗ ಬಾಗಿಲ ಬುಡದಲ್ಲಿದೆ, ಹೊಸಿಲಿಗೆ ತಾಗಿ,
ನಮ್ಮವ್ವ ಶುಕ್ರವಾರ ಹಚ್ಚುತ್ತಿದ್ದ ಜಾಗದಲ್ಲೇ.
ನಾನು ನನ್ನ ಹೊಸಿಲಿಗೇ ಹಚ್ಚಿ ಎಷ್ಟು ವರ್ಷವಾಯಿತೋ.
ಅವನಿಗೆ ಇದನ್ನು ಹೇಳಬೇಕು,
ಇಂಗ್ಲಿಷಿನಲ್ಲಿ ಹೇಗೆಂದು ಯೋಚಿಸುತ್ತಿದ್ದೇನೆ.
ಅಷ್ಟರಲ್ಲಿ ಗುರುವಾರ ಬಂತು, ಕಸದ ದಿನ.
ನನ್ನ ಡಬ್ಬಿ ಎಂದಿನಂತೆ ಅವನ ಗೇಟಿಗೆ ಅಡ್ಡ.
ಅವನು ಸುತ್ತು ಹಾಕಿಕೊಂಡು ಹೋದ.