ಒಂದು ಎಂಬಿಗೆ ಹತ್ತು ಸೆಂಟು

ಎದ್ದ ಕೂಡಲೆ ನೋಡುವುದು, ಡೇಟಾ ಆರಿದೆಯೇ ಎಂದು.
ಆಮೇಲೆ ಒಲೆ.
ಕಾಫಿ ಕಾಯುವಷ್ಟರಲ್ಲಿ ಕಿಟಕಿಯಾಚೆ ಕಣ್ಣು ಹಾಯಿಸಿದರೆ
ಮಂಜೋ ಗಾಳಿಯೋ, ಕಡಲೇ ಹೇಳುತ್ತದೆ ಪುಕ್ಕಟೆ.
ಅದನ್ನೇ ಹೇಳಲು ಫೋನು ಮೂರು ಸೆಂಟು ಕೇಳುತ್ತದೆ,
ನಡುವೆ ಟೈರಿನ ಜಾಹೀರಾತು ತೋರಿಸಿ
ಅದರ ಖರ್ಚನ್ನೂ ನನ್ನ ತಲೆಗೇ ಕಟ್ಟುತ್ತದೆ.

ಗೋಡೆಯ ಮೊಳೆಗೆ ನೋಟ್‌ಬುಕ್ಕು ತೂಗಿದೆ.
ದಿನ, ಎಂಬಿ, ಕಾರಣ.
ಮಂಗಳವಾರ, ಸೊನ್ನೆ ಪಾಯಿಂಟ್ ಮೂರು, ಇಳಿತದ ವೇಳೆ.
ಗುರುವಾರ, ಸೊನ್ನೆ ಪಾಯಿಂಟ್ ಎಂಟು, ಕಪ್ಪೆಚಿಪ್ಪಿನ ದರ.
ಶುಕ್ರವಾರ, ಆರು.
ಆರು! ಕಾರಣದ ಜಾಗ ಖಾಲಿ.
ಆ ಆರರ ಬೆನ್ನು ಹತ್ತಿ ಅರ್ಧ ರಾತ್ರಿ ಕೂತೆ.
ನಾನು ಮಲಗಿದ ಮೇಲೆ, ಉಗ್ರಾಣಕ್ಕೆ ನುಗ್ಗುವ ಇಲಿಯ ಹಾಗೆ,
ಎಂದೂ ಆಡದ ಆಟವೊಂದು ಎದ್ದು
ತನಗೆ ಬೇಕಾದ್ದು ತಾನೇ ತಿಂದಿತ್ತು.
ಒಂದೊಂದರ ಬಾಯನ್ನೂ ಮುಚ್ಚಿದೆ,
ಚಳಿಗೆ ಮೊದಲು ಕಿಟಕಿಗೆ ಪ್ಲಾಸ್ಟಿಕ್ ಬಡಿದು
ಗಾಳಿಯ ಸಂದು ಮುಚ್ಚುವಂತೆ.

ಚಿತ್ರಗಳು ಹೇಳದೆ ಕೇಳದೆ ಇಳಿಯುವಂತಿಲ್ಲ ನನ್ನಲ್ಲಿ.
ಮಸುಕಾಗಿ ಬಂದು ಹೊಸ್ತಿಲಲ್ಲೇ ನಿಲ್ಲುತ್ತವೆ.
ಕಪ್ಪಗಿದ್ದರೆ ವರ್ನನ ನಾಯಿ.
ಕಿತ್ತಳೆಯಾದರೆ ಯಾರದೋ ಸೂರ್ಯಾಸ್ತ,
ನಮ್ಮೂರಲ್ಲೂ ಆಗುತ್ತದೆ, ಬೇಡ.

ದೊಡ್ಡದಕ್ಕೆಲ್ಲ ಲೈಬ್ರರಿ. ಹನ್ನೊಂದು ಮೈಲಿ.
ಬಾಗಿಲು ಹಾಕಿದ್ದರೂ ಅದರ ವೈಫೈ
ಪಾರ್ಕಿಂಗಿನ ಮೂರನೇ ಗೆರೆಯ ತನಕ ಸೋರುತ್ತದೆ,
ನಾಲ್ಕನೆಯದಕ್ಕಿಲ್ಲ.
ಟ್ರಕ್ಕಿನ ಹೀಟರ್ ಹಾಕಿ ಕೂತು ಇಳಿಸಿಕೊಳ್ಳುತ್ತೇನೆ.
"ಹೋಗಿ ಬರೋಕೆ ಪೆಟ್ರೋಲು ಎಷ್ಟು, ಲವೀನಾ?"
ಕ್ರಿಸ್‌ಮಸ್ ಹಾರಕ್ಕೆ ಫರ್ ಕಡ್ಡಿ ಸುತ್ತುತ್ತ ಕೇಳಿದ ವರ್ನ್.
ಅದು ಬೇರೆ ನೋಟ್‌ಬುಕ್ಕು ಅಂದೆ.
ಆ ನೋಟ್‌ಬುಕ್ಕು ಇಲ್ಲ.

ಎಣಿಕೆ ಕಲಿತದ್ದು ಸಾರ್ಡೀನ್ ಕಾರ್ಖಾನೆಯಲ್ಲಿ,
ಡಬ್ಬಿಯ ಲೆಕ್ಕಕ್ಕೆ ಕೂಲಿ.
ಕತ್ತರಿಯಲ್ಲಿ ತಲೆ, ಕತ್ತರಿಯಲ್ಲಿ ಬಾಲ, ಡಬ್ಬಿಗೆ ಐದು.
ಎದುರು ಮೇಜಿಗೆ ಡೆಲ್ಫೀನ್, ಹದಿನೇಳು ವರ್ಷ.
ನಾನು ಒಂದು ಡಬ್ಬಿ ಮುಗಿಸುವಾಗ ಅವಳದ್ದು ಎರಡು,
ಶನಿವಾರ ಅದೇ ಬೆರಳು ಪಿಟೀಲಿಗೆ.
ಹೋದ ವರ್ಷ ಎಡಗೈ ಮರಗಟ್ಟಿತು.
ಕೊಯ್ದರು, ಹೊಲಿದರು, ನೋಡೋಣ ಅಂದರು.

ಮೊನ್ನೆ ಭಾನುವಾರ ಸೊಂಟಮಟ್ಟ ಹಿಮ.
ರಸ್ತೆ ಬಳಿಯುವ ಗಾಡಿ ಬಂದಿಲ್ಲ, ಟ್ರಕ್ಕು ಕಾಣುವುದಿಲ್ಲ.
ಡೆಲ್ಫೀನಳಿಂದ ವಿಡಿಯೋ. ಮೇಲೆ ಒಂದು ಮಾತಿಲ್ಲ,
ಮಾತಿಲ್ಲದೆ ಏನನ್ನೂ ಕಳಿಸಿದವಳಲ್ಲ.
ಮಸುಕಿನಲ್ಲಿ ಸ್ವಲ್ಪ ಕಂದು, ಸ್ವಲ್ಪ ಬಿಳಿ.
ಕೆಳಗೆ ನಲವತ್ತೊಂದು ಎಂಬಿ.
ನಾಲ್ಕು ಡಾಲರು ಹತ್ತು ಸೆಂಟು. ನನ್ನ ಒಂದು ತಿಂಗಳು.

ಫೋನನ್ನು ಬೋರಲು ಹಾಕಿದೆ.
ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.
ಕಂದು ಎಂದರೆ ಪಿಟೀಲೋ, ಬರೀ ಮೇಜೋ.
ಬಿಳಿ ಎಂದರೆ ಅಂಗಿಯ ತೋಳೋ, ಬ್ಯಾಂಡೇಜೋ.

ಒತ್ತಿದೆ.

ಮೊದಲು ಎಣ್ಣೆ ಕಾಣದ ಕೀಲಿನ ಕಿರುಗು.
ನಿಂತಿತು. ಫ್ರೆಂಚಿನಲ್ಲೊಂದು ಬೈಗುಳ.
ಮತ್ತೆ ಕಿರುಗು, ಮತ್ತೆ ಬೈಗುಳ,
ಆಮೇಲೆ ಕುಂಟುತ್ತ ಕುಂಟುತ್ತ
ಕಾರ್ಖಾನೆ ಮುಚ್ಚಿದ ದಿನ ಬಾರಿಸಿದ್ದಳಲ್ಲ, ಆ ಕುಣಿತದ ಮಟ್ಟು.
ಮೂರು ಬೆರಳು ತಂತಿಯ ಮೇಲೆ,
ಕಿರುಬೆರಳು ಮಾತ್ರ ದೂರ ನಿಂತು,
ನೀರಿಗಿಳಿಯಲು ಹೆದರಿದ ಹುಡುಗಿಯಂತೆ.

ಒಮ್ಮೆ ಇಳಿದದ್ದಕ್ಕೆ ಮತ್ತೆ ದುಡ್ಡಿಲ್ಲ.
ಹನ್ನೊಂದು ಸಲ ನೋಡಿದೆ,
ಭಾಗಿಸಿದರೆ ಸಲಕ್ಕೆ ಮೂವತ್ತೇಳು ಸೆಂಟು.
ನೋಡಿದಷ್ಟೂ ಅಗ್ಗ.

ಉತ್ತರಕ್ಕೆ ಒಂದೇ ಪದ ಕಳಿಸಿದೆ: ಕಿರುಬೆರಳು.
ಗೊತ್ತು ಕಣೇ, ಅಂತ ಬಂತು, ತಕ್ಷಣ.
ಡೇಟಾ ಆರಿಸಿ, ಮೊಳೆಯಿಂದ ನೋಟ್‌ಬುಕ್ಕು ಇಳಿಸಿ ಬರೆದೆ:
ಭಾನುವಾರ, ನಲವತ್ತೊಂದು,
ಹವಾಮಾನ.