ಮೂರು ಸಾವಿರದ ಎಡಗಾಲು

ಮಾಜಾಳಿಯ ರೋಹಿದಾಸ ತಾಂಡೇಲ. ಎಡ ಅಂಚಿನ ಆಟಗಾರ.
ಮೂರು ಸಾವಿರ, ಬಸ್ ಖರ್ಚು, ಒಂದು ಜೊತೆ ಬೂಟು.
ಖಜಾಂಚಿ ನಾನು; ಪುಸ್ತಕದಲ್ಲಿ ಇಷ್ಟೇ ಬರೆದೆ.

"ಸಂಜೆಯ ಬಂಗುಡೆ ಯಾವಾಗಲೂ ಅಗ್ಗವೇ ಮಾರಾಯಾ,"
ಬೊನಿಫಾಸ್ ಚಹಾ ಊದುತ್ತ ಅಂದ.
ಸುಳ್ಳಲ್ಲ. ಕಳೆದ ವರ್ಷ ಹನ್ನೊಂದು ಪಂದ್ಯ, ಎರಡು ಗೋಲು,
ಅದರಲ್ಲೊಂದು ಮೊಣಕಾಲಿಗೆ ತಾಗಿ ತಾನೇ ಒಳಹೋದದ್ದು.
ಬಲಗಾಲು ಇದೆಯೆಂದರೆ ಇದೆ, ನಿಲ್ಲಲಿಕ್ಕೆ.

ಆದರೂ ಮೊನ್ನೆ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಕಂಡೆ:
ಗೋಣಿ ಹೊದೆದ ಹೆಗಲ ಮೇಲೆ ಮಂಜುಗಡ್ಡೆ ಹೊತ್ತು
ನೀರಿಳಿವ ಹಲಗೆಯ ಮೇಲೆ ಓಡುತ್ತಿದ್ದ.
ಎಲ್ಲಿ ಜಾರುತ್ತದೆಂದು ಕಾಲಿಗೆ ಮೊದಲೇ ಗೊತ್ತಿತ್ತು.
ಬೋಟಿಗೆ ಮುಟ್ಟಿಸಿ, ಖಾಲಿ ಕೈಯಲ್ಲಿ ಬರುವಾಗಲೂ ಓಡಿದ.
ಬರುವಾಗ ಯಾರೂ ಓಡುವುದಿಲ್ಲ.

ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ನಕ್ಷತ್ರ ಒಬ್ಬನಿದ್ದಾನೆ ನಮ್ಮಲ್ಲಿ, ಇಪ್ಪತ್ತು ಸಾವಿರದವನು.
ಚೆಂಡು ಕಳಕೊಂಡಲ್ಲೇ ಸೊಂಟಕ್ಕೆ ಕೈಕೊಟ್ಟು
ರೆಫ್ರಿಯ ಮುಖ ನೋಡುತ್ತಾನೆ.
ಕೊನೆಯ ಹನ್ನೆರಡು ನಿಮಿಷಕ್ಕೆ ಅವನ ಉಸಿರು ಸಾಲದು.
ಆ ಹನ್ನೆರಡು ನಿಮಿಷಕ್ಕೊಂದು ಜನ ಬೇಕಿತ್ತು, ಅಷ್ಟೇ.

ಭಾನುವಾರ, ಮಾಲಾದೇವಿ ಮೈದಾನ. ಒಂದಕ್ಕೊಂದು.
ಇಳಿಸಿದೆವು.
ಮೊದಲ ಚೆಂಡು ಗೆರೆ ದಾಟಿತು, ಎರಡನೆಯದು ಗಟಾರಕ್ಕೆ.
ಬೊನಿಫಾಸ್ ನನ್ನನ್ನು ನೋಡಿದ. ನಾನು ಗಾಳಿಮರ ನೋಡಿದೆ.
ಆಮೇಲೆ ಅವರ ಹುಡುಗ ಎಲ್ಲರನ್ನೂ ತಪ್ಪಿಸಿ
ಗೋಲಿಯೊಬ್ಬನನ್ನೇ ಎದುರು ಮಾಡಿಕೊಂಡು ಬರುವಾಗ
ಅರ್ಧ ಮೈದಾನದಾಚೆಯಿಂದ ಓಡಿ ಬಂದು ಅಡ್ಡ ಬಿತ್ತು
ಒಂದು ಎಡಗಾಲು.

ಪಂದ್ಯ ಸಮ. ಪೇಪರಿನಲ್ಲಿ ಅವನ ಹೆಸರಿಲ್ಲ.
ರಾತ್ರಿ ಪುಸ್ತಕ ತೆಗೆದು, ಮೂರು ಸಾವಿರದ ಪಕ್ಕ
ಏನೋ ಬರೆಯಹೋಗಿ ಬಿಟ್ಟೆ.
ಬೂಟಿನ ದುಡ್ಡು ಇನ್ನೂ ಕೊಟ್ಟಿಲ್ಲ.